ಬೈಯುವ ದಿಂಬು

ಅವಳ ಬಲಗೈ ಮೊಣಕೈವರೆಗೂ ವಕೀಲರ ದಿಂಬಿನೊಳಗಿತ್ತು. ಒಳಗೆ ಅರಳೆ ಗಂಟುಗಟ್ಟಿ ಕಲ್ಲಾಗಿತ್ತು. ಒಂದೊಂದೇ ಗಂಟನ್ನು ಹೊರಗೆಳೆದು, ಹಿಸುಕಿ, ಮೂಸಿ, ನೆಲಕ್ಕೆ ಹಾಸಿದ್ದ ಹಳೇ ಪೇಪರಿನ ಮೇಲೆ ಸಾಲಾಗಿ ಇಡುತ್ತಿದ್ದಳು. ಬಾಗಿಲಲ್ಲಿ ನಿಂತು ನೋಡಿದವರಿಗೆ ಯಾವುದೋ ಕಷ್ಟದ ಹೆರಿಗೆ ನಡೆಯುತ್ತಿದೆ ಅನ್ನಿಸಬೇಕು, ಹಾಗಿತ್ತು ಅವಳ ಮುಖ.

ಎಡಗಡೆಯ ಗಂಟುಗಳೆಲ್ಲ ಹಳದಿ. ಬಲಗಡೆಯವು ಬೆಳ್ಳಗೆ, ಮುಟ್ಟಿದರೆ ಅರಳುವಂತಿದ್ದವು. ನಡುವೆ ಮುಷ್ಟಿ ಗಾತ್ರದ ಗುಂಡಿ. ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಒಂದು ಚೀಟಿ ಬರೆದಳು: "ವಕೀಲರು. ಎಡಕ್ಕೆ ಮಲಗ್ತಾರೆ. ಜೊಲ್ಲು ಸುರಿಸ್ತಾರೆ, ಕೇಳಿದ್ರೆ ಇಲ್ಲ ಅಂತ ವಾದ ಮಾಡ್ತಾರೆ. ದಿನಾ ದಿಂಬಿಗೆ ಗುದ್ದುತ್ತಾರೆ, ಕೇಸು ಸೋತ ಸಿಟ್ಟಿರಬೇಕು. ನಡುವೆ ಗಟ್ಟಿಯಾಗಿ ತುಂಬು." ಚೀಟಿಯನ್ನು ಹೊಸ ಬಟ್ಟೆಗೆ ಪಿನ್ನು ಚುಚ್ಚಿ ಸಿಕ್ಕಿಸಿದಳು. ಇದು ಅವಳ ನೆನಪಿಗೆ. ದಿಂಬು ಮುಗಿದ ಮೇಲೆ ಚೀಟಿ ಕಿತ್ತು ಒಲೆಗೆ ಹಾಕುವುದು ರೂಢಿ.

ಅವಳ ಕೆಲಸದ ರೀತಿಯೇ ಹಾಗೆ. ಹೊಸ ದಿಂಬು ಬೇಕಾದವರು ಹಳೆಯದನ್ನು ತರಬೇಕು. ತಂದರೆ ಅದನ್ನು ಬಿಚ್ಚಿ ನೋಡಿ, ಎಂಟು ದಿನ ಕಾಯಿಸಿ, ಅವರ ಕುತ್ತಿಗೆಗೆ ತಕ್ಕಂತೆ ತುಂಬಿ ಕೊಡುತ್ತಿದ್ದಳು. ತರದಿದ್ದರೆ ಟೀ ಕುಡಿಸಿ ಕಳಿಸುತ್ತಿದ್ದಳು. ಬೀದಿಯವರು ಅವಳನ್ನು ದಿಂಬಕ್ಕ ಅನ್ನುತ್ತಿದ್ದರು. ಮೊದಲು ಗೇಲಿಗೆ ಇಟ್ಟ ಹೆಸರು, ಆಮೇಲೆ ಪೋಸ್ಟ್‌ಮ್ಯಾನ್ ಕೂಡ ಹಾಗೇ ಕೂಗತೊಡಗಿದ.

ಅದಕ್ಕೆ ಮುಂಚೆ ಹನ್ನೊಂದು ವರ್ಷ ಗಂಡನ ದೊಡ್ಡಪ್ಪನ ಮಗನ ಫ್ಯಾಕ್ಟರಿಯಲ್ಲಿ ದಿಂಬಿನ ಗವಸು ಹೊಲಿದಿದ್ದಳು. ಬರೀ ಗವಸು. ಸಾವಿರಾರು ಗವಸು ಕೈಮೇಲೆ ಹೋದವು. ಅವುಗಳ ಮೇಲೆ ಯಾರ ತಲೆ ಬಿತ್ತು, ಆ ತಲೆಯೊಳಗೆ ಏನಿತ್ತು, ದೇವರಿಗೇ ಗೊತ್ತು. ಫ್ಯಾಕ್ಟರಿ ಬಿಟ್ಟ ದಿನ ಆ ಮೈದುನ ನಗುತ್ತಾ, "ಹದಿನೇಳನೇ ಮಿಷನ್ನು ನಿಮ್ಮದೇ, ಅತ್ತಿಗೆ. ಹುಚ್ಚು ಬಿಟ್ಟ ಮೇಲೆ ಬನ್ನಿ," ಅಂದಿದ್ದ. ಹುಚ್ಚು ಬಿಡದೆ ಎರಡು ವರ್ಷ ಆಗಿತ್ತು. ಆದರೆ ಎಂಟು ದಿನಕ್ಕೊಂದು ದಿಂಬು ಮಾರಿದರೆ ಮನೆ ನಡೆಯುವುದಿಲ್ಲ ಅನ್ನುವುದು ಅವಳಿಗೂ ಗೊತ್ತಿತ್ತು. ಕರೆಂಟು ಮೀಟರು ಓದುವ ಕೆಲಸದ ಗಂಡ ಬಾಯಿ ಬಿಟ್ಟು ಏನೂ ಅನ್ನುತ್ತಿರಲಿಲ್ಲ. ಊಟ ಮಾಡುವಾಗ ಮಾತ್ರ ಹದಿನೇಳನೇ ಮಿಷನ್ನಿಗೆ ಹೊಸ ಮೋಟಾರು ಹಾಕಿಸಿದರಂತೆ ಅನ್ನುವಂಥ ಸುದ್ದಿ ಅವನಿಗೆ ಹೇಗೋ ನೆನಪಾಗುತ್ತಿತ್ತು.

ಆದ್ದರಿಂದ ಪೇಟೆಯ ಪರದೆ ಅಂಗಡಿಯವನು ಒಂದು ಕಪಾಟು ಕೊಡುತ್ತೇನೆ ಅಂದಾಗ ಅವಳು ಒಪ್ಪಿಕೊಂಡಳು. ಷರತ್ತು ಸರಳವಾಗಿತ್ತು. ರೆಡಿ ದಿಂಬು ತುಂಬಿಡಬೇಕು, ತಿಂಗಳೊಳಗೆ ಕಪಾಟು ಖಾಲಿಯಾಗಬೇಕು. ಖಾಲಿಯಾದರೆ ಆ ಜಾಗ ಕಾಯಂ. ಇಲ್ಲವಾದರೆ ಅಲ್ಲಿಗೆ ಕಾಲೊರೆಸುವ ಮ್ಯಾಟು ಬರುತ್ತದೆ. ಅವಳು ಯಾರ ತಲೆಗೂ ಪೂರ್ತಿ ಹೊಂದದ, ಯಾರ ತಲೆಗೂ ಪೂರ್ತಿ ತಪ್ಪದ ನಡುಮಟ್ಟದ ದಿಂಬುಗಳನ್ನು ಮಾಡಿ ಜೋಡಿಸಿ ಬಂದಳು. ಗಂಡ ಕೂಡಲೇ ಲೆಕ್ಕಾಚಾರ ಹೇಳಿದ: ತಿಂಗಳು ನೋಡೋಣ, ಆಗದಿದ್ದರೆ ಒಂದನೇ ತಾರೀಕಿಂದ ಫ್ಯಾಕ್ಟರಿ. ಅವಳು ಹೂಂ ಅಂದಳು.

ಇಲ್ಲಿ ನಾದಿನಿಯ ಪ್ರವೇಶ. ಗಂಡನ ತಂಗಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೂತು ಸರದಿ ಕೂಗುವ ಕೆಲಸದವಳು. ಆ ಕೆಲಸದಲ್ಲಿ ಬಿಡುವು ಜಾಸ್ತಿ, ಕೈಯಲ್ಲಿ ಫೋನು, ತಲೆಯಲ್ಲಿ ಐಡಿಯಾ. ಮಾಲು ಚೆನ್ನಾಗಿದ್ದರೆ ಸಾಲದು, ಅದಕ್ಕೊಂದು ಕಥೆ ಬೇಕು ಅನ್ನುವುದು ಅವಳ ಸಿದ್ಧಾಂತ. ಅತ್ತಿಗೆಗೆ ಬಿಳೀ ಬಟ್ಟೆ ಉಡಿಸಿ, ತುರುಬು ಬಿಚ್ಚಿಸಿ, ಎದೆಗೆ ದಿಂಬು ಅವಚಿ ಕಿಟಕಿಯಾಚೆ ನೋಡುವಂತೆ ನಿಲ್ಲಿಸಿದಳು. ಅರಳೆ ಮೇಲಿಂದ ಉದುರಲಿ ಅಂತ ಅಣ್ಣನನ್ನು ಸ್ಟೂಲಿನ ಮೇಲೆ ಹತ್ತಿಸಿದಳು. ಅವನು ಮೂರು ಸಲ ಸೀನಿದ. ನಾಲ್ಕನೇ ಸಲ ಅರಳೆ ಅವಳ ಬಾಯೊಳಗೇ ಹೋಯಿತು.

"ಕಣ್ಣಲ್ಲಿ ಒಂದು ಕನಸು ತನ್ನಿ, ಅತ್ತಿಗೆ."

"ಎಲ್ಲಿಂದ ತರ್ಲಿ? ಗಂಟಲಲ್ಲಿ ಅರಳೆ ಸಿಕ್ಕೊಂಡಿದೆ ಕಣೇ."

ವೀಡಿಯೋ ತಯಾರಾಯಿತು. ಹಿಂದೆ ಕೊಳಲು, ಕೆಳಗೆ "ಮೋಡದ ಮಡಿಲು: ಒಂದು ಹೆಣ್ಣುಮನಸ್ಸಿನ ಮೃದುತ್ವ" ಅನ್ನುವ ಸಾಲು, ಅದರ ಕೆಳಗೆ ಪರದೆ ಅಂಗಡಿಯ ವಿಳಾಸ. ಅದರಲ್ಲಿ ತನ್ನ ಮುಖ ಅವಳಿಗೆ ಯಾರೋ ತೀರಿಕೊಂಡ ಮನೆಯಲ್ಲಿ ಊಟಕ್ಕೆ ಕಾಯುತ್ತಿರುವ ಹೆಂಗಸಿನ ಹಾಗೆ ಕಂಡಿತು. ಮೃದುತ್ವ ಅನ್ನುವ ಮಾತನ್ನು ಅವಳ ಜನ್ಮದಲ್ಲಿ ಯಾರೂ ಅವಳಿಗೆ ಅಂಟಿಸಿರಲಿಲ್ಲ. ಹತ್ತು ದಿನದಲ್ಲಿ ಎರಡು ದಿಂಬು ಹೋದವು. ಒಂದನ್ನು ನಾದಿನಿಯ ಅತ್ತೆ ಕೊಂಡರು, ಇನ್ನೊಂದನ್ನು ಹಲ್ಲಿನ ಡಾಕ್ಟರು.

ಈ ಗಲಾಟೆಯಲ್ಲೇ ಎಡವಟ್ಟು ಆದದ್ದು. ಬಿಳೀ ಬಟ್ಟೆ ಉಟ್ಟುಕೊಂಡೇ ಅವಳು ವಕೀಲರ ದಿಂಬಿನ ಕೊನೇ ಹೊಲಿಗೆ ಹಾಕಿ ಕೊಟ್ಟು ಕಳಿಸಿದ್ದಳು. ಒಲೆಗೆ ಹೋಗಬೇಕಾದ ಚೀಟಿ ಗವಸಿನೊಳಗೇ ಉಳಿದಿತ್ತು.

ಮೂರನೇ ದಿನ ವಕೀಲರು ಬಾಗಿಲಿಗೆ ಬಂದರು. ಮಾನನಷ್ಟ, ನೋಟೀಸು ಅಂತೆಲ್ಲ ಶುರುವಿಟ್ಟುಕೊಂಡರು. ಅವಳು ಕೈಕೈ ಹಿಸುಕಿಕೊಂಡು ಕ್ಷಮೆ ಕೇಳುವಷ್ಟರಲ್ಲಿ ಹಿಂದಿನಿಂದ ಅವರ ಹೆಂಡತಿ ಬಂದು ಗಂಡನನ್ನು ಪಕ್ಕಕ್ಕೆ ಸರಿಸಿದರು. ಆಕೆ ಬಸ್‌ಸ್ಟ್ಯಾಂಡಿನ ರಿಸರ್ವೇಶನ್ ಕೌಂಟರಿನಲ್ಲಿ ಕೆಲಸ ಮಾಡುವವರು. ನಕ್ಕೂ ನಕ್ಕೂ ಕಣ್ಣು ಕೆಂಪಾಗಿತ್ತು.

"ಇಪ್ಪತ್ತಾರು ವರ್ಷದಿಂದ ನಾನು ಇದನ್ನೇ ಹೇಳ್ತಾ ಇದೀನಿ, ದಿಂಬಕ್ಕ. ಸಾಕ್ಷಿ ಇರ್ಲಿಲ್ಲ ನೋಡಿ."

ದಿಂಬು ಹೇಗಿದೆ ಅಂತ ಅವಳು ಹೆದರುತ್ತಲೇ ಕೇಳಿದಳು. ವಕೀಲರು ಸ್ವಲ್ಪ ಹೊತ್ತು ಮೇಲೆ ಕೆಳಗೆ ನೋಡಿ, ದಿಂಬಿನ ಬಗ್ಗೆ ತಮ್ಮ ತಕರಾರಿಲ್ಲ, ಭಾಷೆಯ ಬಗ್ಗೆ ಮಾತ್ರ, ಅಂದರು. ಕುತ್ತಿಗೆ ನೋವು ಹೋಗಿತ್ತು.

ಹೆಂಡತಿ ಆ ಚೀಟಿಯನ್ನು ಕೌಂಟರಿನ ಮೇಜಿನ ಗಾಜಿನ ಕೆಳಗೆ ಇಟ್ಟರು. ಟಿಕೆಟ್ಟಿಗೆ ಬಂದವರು ತಲೆ ಓರೆ ಮಾಡಿ ಅದನ್ನು ಓದಿದರು. ವಾರ ಕಳೆಯುವುದರೊಳಗೆ ಪರದೆ ಅಂಗಡಿಗೆ ಜನ ಬಂದು ಬೈಯುವ ದಿಂಬು ಎಲ್ಲಿದೆ ಅಂತ ಕೇಳತೊಡಗಿದರು. ಅಂಗಡಿಯವನಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಗಿರಾಕಿ ಏನು ಕೇಳಿದರೂ ಇದೆ ಅನ್ನುವುದು ಅವನ ಹುಟ್ಟುಗುಣ. ಇದೆ, ನಾಳೆ ಬರುತ್ತೆ ಅಂದುಬಿಟ್ಟ.

ಅಂದು ಸಂಜೆಯೇ ನಾದಿನಿ ಓಡಿ ಬಂದಳು. ಮೋಡದ ಮಡಿಲನ್ನು ಅವಳು ಕ್ಷಣದಲ್ಲಿ ಮರೆತಿದ್ದಳು. ಇದೇ ಅತ್ತಿಗೆಯ ಒರಿಜಿನಲ್ ದನಿಯಂತೆ, ಇದನ್ನು ತಾನು ಮೊದಲೇ ಗುರುತಿಸಿದ್ದಳಂತೆ. ಐವತ್ತು ಬೈಗುಳ ಬರೆದು ಕೊಟ್ಟರೆ ತಾನು ಪ್ರಿಂಟು ಹಾಕಿಸಿ ದಿಂಬಿಗೊಂದು ಚೀಟಿ ಸಿಕ್ಕಿಸುತ್ತಾಳಂತೆ. ಅತ್ತಿಗೆ ಪೆನ್ಸಿಲ್ ಹಿಡಿದು ಕೂತಳು. ಎದುರಿಗೆ ಬಿಚ್ಚಿದ ದಿಂಬಿರಲಿಲ್ಲ, ಖಾಲಿ ಹಾಳೆ ಇತ್ತು. ಒಂದು ಗಂಟೆ ಕೂತರೂ ಒಂದು ಅಕ್ಷರ ಬರಲಿಲ್ಲ. ಕೊನೆಗೆ ನಾದಿನಿಯೇ ಎತ್ತಿಕೊಟ್ಟಳು: ಗೊರಕೆ ಅಂದರೆ ಎಲ್ಲರಿಗೂ ಹೊಂದುತ್ತೆ, ಗಂಡ ಅಂದರೆ ಇನ್ನೂ ಚೆನ್ನಾಗಿ ಹೊಂದುತ್ತೆ. ಹಾಗೆ ಹುಟ್ಟಿದವು. "ನಿಮ್ಮ ಗೊರಕೆಗೆ ಪಕ್ಕದ ಮನೆಯ ನಾಯಿ ಉತ್ತರ ಕೊಡುತ್ತೆ." "ಗಂಡನ ಗೊರಕೆಗೆ ಹೆದರಿ ಮಂಚದ ಅಂಚಿಗೆ ಮಲಗ್ತೀರಿ, ಪಾಪ." ಓದಿದರೆ ನಗು ಬರುತ್ತಿತ್ತು, ಸುಳ್ಳಲ್ಲ. ಆದರೆ ಅವು ಅವಳ ನಡುಮಟ್ಟದ ದಿಂಬಿನ ಹಾಗೇ ಇದ್ದವು.

ದಿಂಬುಗಳು ಹೋದವು ಮಾತ್ರ. ಕಪಾಟಿನ ಮೇಲಿನ ಸಾಲು ಖಾಲಿಯಾಯಿತು, ನಡುವಿನ ಸಾಲು ಖಾಲಿಯಾಯಿತು. ಅಂಗಡಿಯವನು ಅವಳಿಗೆ ಕುರ್ಚಿ ಹಾಕಿಸಿ ಕೂರಿಸತೊಡಗಿದ. ಗಂಡ ಹದಿನೇಳನೇ ಮಿಷನ್ನಿನ ಸುದ್ದಿ ಬಿಟ್ಟು, ತಾನು ಸ್ಟೂಲು ಹತ್ತಿದ್ದರಿಂದಲೇ ಇದೆಲ್ಲ ಆಯಿತು ಅಂತ ಮೀಟರು ಓದುವ ಮನೆಮನೆಯಲ್ಲೂ ಹೇಳಿಕೊಂಡು ಬಂದ. ಅವಳಿಗೂ ಖುಷಿಯಾಗದೆ ಇರಲಿಲ್ಲ. ಆದರೂ ಅಂಗಡಿಯಲ್ಲಿ ಯಾರಾದರೂ ಚೀಟಿ ಓದಿ ನಕ್ಕಾಗ ಅವಳು ಅವರ ಕುತ್ತಿಗೆ ನೋಡುತ್ತಿದ್ದಳು. ಈ ದಿಂಬು ಇವರಿಗಲ್ಲ ಅಂತ ಗೊತ್ತಾಗುತ್ತಿತ್ತು. ಆದರೂ ಚೀಲಕ್ಕೆ ಹಾಕಿ ಕೊಡುತ್ತಿದ್ದಳು.

ತಿಂಗಳು ಮುಗಿಯಲು ನಾಲ್ಕು ದಿನ ಇದ್ದಾಗ, ಕಪಾಟಿನಲ್ಲಿ ಕೆಳಗಿನ ಸಾಲು ಮಾತ್ರ ಉಳಿದಿದ್ದಾಗ, ಒಬ್ಬ ಹೆಂಗಸು ಬೆಳಿಗ್ಗೆಯೇ ಅವಳ ಮನೆ ಹುಡುಕಿಕೊಂಡು ಬಂದರು. ಐವತ್ತು ದಾಟಿದ ವಯಸ್ಸು, ಎಣ್ಣೆ ಹಾಕಿ ಬಾಚಿದ ಬಿಗಿ ಜಡೆ, ಕಂಕುಳಲ್ಲಿ ಅಂಗಡಿಯಿಂದ ಕೊಂಡ ದಿಂಬು. ವಕೀಲರ ಹೆಂಡತಿಯ ಪಕ್ಕದ ಕೌಂಟರಿನವರು.

"ಇದರಲ್ಲಿ ನನ್ನ ಗಂಡ ಗೊರಕೆ ಹೊಡೀತಾನೆ ಅಂತ ಬರೆದಿದೆ," ಅಂದರು. "ನನಗೆ ಮದುವೆನೇ ಆಗಿಲ್ಲ. ಆ ಮನುಷ್ಯ ಎಲ್ಲಿ ಮಲಗಿದಾನೆ ಹೇಳಿ, ಹೋಗಿ ಎಬ್ಬಿಸ್ತೀನಿ."

ಅವಳಿಗೆ ನಗು ಬಂತು, ಆ ಹೆಂಗಸೂ ನಕ್ಕರು. ನಕ್ಕಾದ ಮೇಲೆ ಹೋಗಲಿಲ್ಲ, ನಿಂತೇ ಇದ್ದರು. ಅವಳು ಒಳಗೆ ಕರೆದಳು. ಅದು ಪ್ರಿಂಟು ಚೀಟಿ, ಎಲ್ಲರಿಗೂ ಒಂದೇ, ತಪ್ಪು ತಿಳಿಯಬೇಡಿ ಅಂದಳು. ಬೇರೆ ಚೀಟಿ ಹಾಕಿ ಕೊಡುತ್ತೇನೆ ಅಂದಳು. ಆ ಹೆಂಗಸು ದಿಂಬಿನ ಅಂಚನ್ನು ಉಗುರಿನಿಂದ ಕೆರೆದರು.

"ನಮ್ಮ ಆಫೀಸಿನವಳ ಗಂಡನಿಗೆ ಎಷ್ಟು ಸರಿಯಾಗಿ ಬೈದಿದ್ರಿ. ನನ್ನನ್ನೂ ಯಾರಾದ್ರೂ ಅಷ್ಟು ನೋಡಿ ಬೈಲಿ ಅಂತ ತಗೊಂಡೆ. ದಿಂಬು ನನಗೇನೂ ಬೇಕಿರ್ಲಿಲ್ಲ."

ಹೇಳಿದ್ದು ಮಾಮೂಲಿ ದನಿಯಲ್ಲೇ, ಕಿಟಕಿ ಪಕ್ಕದ ಸೀಟು ಖಾಲಿ ಇಲ್ಲ ಅನ್ನುವ ಹಾಗೆ. ಅವಳಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಈವರೆಗೆ ಯಾರೂ ಅವಳ ಕೆಲಸವನ್ನು ಇಷ್ಟು ಸರಿಯಾಗಿ ಅವಳಿಗೇ ಹೇಳಿರಲಿಲ್ಲ. ಅದನ್ನು ಕೇಳಿದ್ದು ಮಾತ್ರ ಆ ಕೆಲಸ ತಪ್ಪಿದ ದಿನ.

"ಹಳೇ ದಿಂಬು ಇದೆಯಾ?" ಅಂದಳು.

"ಇದೆ. ಅಮ್ಮ ಇದ್ದಾಗಿಂದ ಅದೇ."

"ತನ್ನಿ."

ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವರು ಅದನ್ನು ತಂದು ಕೊಟ್ಟು ಹೋದರು. ಅವಳು ಪೇಪರು ಹಾಸಿ ಬಿಚ್ಚಲು ಕೂತಳು. ದಿಂಬಿನ ಬಲ ಅಂಚಿನ ಬಟ್ಟೆ ಸವೆದು ಎಳೆ ಎದ್ದಿತ್ತು. ಸವೆದಲ್ಲಿ ಮಂಚದ ಪಾಲಿಶ್ ಬಣ್ಣ ಕಂದಾಗಿ ಹತ್ತಿತ್ತು. ಕೆಳಮೈಯಲ್ಲಿ ಒಂದು ಉದ್ದ ತಗ್ಗು, ದಿಂಬಿನಡಿ ಕೈ ತೂರಿಸಿ ಮಲಗಿದವರದ್ದು. ಎಡಗಡೆಯ ಅರಳೆ ತುಂಬಿದ ದಿನ ಹೇಗಿತ್ತೋ ಹಾಗೇ ಇತ್ತು, ಅದರ ಮೇಲೆ ಒಂದು ರಾತ್ರಿಯೂ ತಲೆ ಬಿದ್ದಿರಲಿಲ್ಲ. ಅವಳು ಆ ಹೊಸ ಅರಳೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ತುಂಬಾ ಹೊತ್ತು ಕೂತಳು. ಆಮೇಲೆ ಪೆನ್ಸಿಲ್ ತೆಗೆದಳು.

"ಮಂಚ ಪೂರ್ತಿ ನಿಮ್ಮದೇ. ಆದರೂ ಅಂಚಿಗೆ ಆತುಕೊಂಡು ಮಲಗ್ತೀರಿ. ಅಷ್ಟು ಜಾಗ ಯಾರಿಗೆ ರಿಸರ್ವ್ ಮಾಡಿದೀರಿ? ಯಾವ ಬಸ್ಸೂ ಅಷ್ಟು ವರ್ಷ ಸೀಟು ಖಾಲಿ ಇಡಲ್ಲ. ನಡುವೆ ಬನ್ನಿ, ಕಾಲು ಚಾಚಿ, ಕೈ ಹೊರಗೆ ಇಡಿ, ಜೋಮು ಹಿಡಿಯುತ್ತೆ."

ಈ ಸಲ ಅದನ್ನು ತನ್ನ ನೆನಪಿಗೆ ಬರೆದಿರಲಿಲ್ಲ, ಅವರು ಓದಲಿ ಅಂತ ಬರೆದಿದ್ದಳು.

ಅಷ್ಟರಲ್ಲಿ ನಾದಿನಿ ಬಂದಳು. ಶನಿವಾರದೊಳಗೆ ಕೆಳಗಿನ ಸಾಲು ಖಾಲಿಯಾಗಲೇಬೇಕು, ಹೊಸ ಬೈಗುಳ ಬೇಕು ಅಂತ ಅಂಗಡಿಯವನು ಫೋನು ಮಾಡಿದ್ದನಂತೆ. ಮಾತಾಡುತ್ತಲೇ ಚೀಟಿ ಎತ್ತಿಕೊಂಡು ಓದಿದಳು, ಎರಡನೇ ಸಲ ಓದಿದಳು, ಮೂಗು ಒರೆಸಿಕೊಂಡಳು.

"ಅತ್ತಿಗೆ, ಇದು ಎಲ್ಲಕ್ಕಿಂತ ಚೆನ್ನಾಗಿದೆ. ಅಂಚಲ್ಲಿ ಮಲಗೋರು ಊರು ತುಂಬ ಇದಾರೆ. ನೂರು ಹಾಕಿಸ್ತೀನಿ."

ಅವಳು ಕೈ ಚಾಚಿ ಚೀಟಿ ವಾಪಸು ತೆಗೆದುಕೊಂಡಳು.

"ಇದಕ್ಕೆ ಒಂದೇ ತಲೆ ಕಣೇ. ನೂರಲ್ಲ."

ಹಾಗಾದರೆ ಶನಿವಾರದ ಗತಿ ಏನು ಅಂತ ನಾದಿನಿ ಕೇಳಿದಳು. ಇಷ್ಟು ಹತ್ತಿರ ಬಂದು ಕೈಬಿಟ್ಟರೆ ಅಣ್ಣ ಒಂದನೇ ತಾರೀಕು ನಿಮ್ಮನ್ನು ಫ್ಯಾಕ್ಟರಿ ಗೇಟಿಗೆ ತಾನೇ ಬಿಟ್ಟು ಬರುತ್ತಾನೆ, ನೋಡ್ತಾ ಇರಿ, ಅಂದಳು. ಅವಳು ನೋಡೋಣ ಅಂದಳು. ನಾದಿನಿ ಅದನ್ನು ಒಪ್ಪಿಗೆ ಅಂದುಕೊಂಡು, ಟೀ ಕುಡಿದು, ಹತ್ತು ಹೊಸ ಐಡಿಯಾ ಹೇಳಿ, ಕ್ಲಿನಿಕ್ಕಿಗೆ ಹೋದಳು.

ಅವಳು ಅರಳೆ ಹಿಂಜತೊಡಗಿದಳು. ಕೈ ತನ್ನ ಪಾಡಿಗೆ ಓಡುತ್ತಿತ್ತು, ತಲೆ ಇನ್ನೊಂದು ದಾರಿಯಲ್ಲಿ ಹೋಗುತ್ತಿತ್ತು. ನಾಳೆ ಬೆಳಿಗ್ಗೆ ಅಂಗಡಿಗೆ ಹೋಗುವುದು. ಉಳಿದ ದಿಂಬುಗಳಿಂದ ಪ್ರಿಂಟು ಚೀಟಿಗಳನ್ನು ಕಿತ್ತುಹಾಕುವುದು. ಹಳೇ ದಿಂಬು ತನ್ನಿ, ಎಂಟು ದಿನ ಕಾಯಿರಿ, ಬೈಸಿಕೊಳ್ಳಲು ತಯಾರಾಗಿ ಬನ್ನಿ ಅಂತ ತನ್ನ ಕೈಯಲ್ಲೇ ಒಂದು ರಟ್ಟಿನ ಮೇಲೆ ಬರೆದು ನೇತುಹಾಕುವುದು. ಅಂಗಡಿಯವನು ಒಪ್ಪಿದರೆ ಸರಿ. ಒಪ್ಪದಿದ್ದರೆ ಕಾಲೊರೆಸುವ ಮ್ಯಾಟು ಸುಖವಾಗಿ ಬಾಳಲಿ, ಆ ರಟ್ಟು ಬಸ್‌ಸ್ಟ್ಯಾಂಡಿನ ಕೌಂಟರಿನ ಪಕ್ಕದ ಗೋಡೆಗೆ ಹೋಗುತ್ತದೆ. ಆ ಇಬ್ಬರು ಹೆಂಗಸರು ಬೇಡ ಅನ್ನಲಾರರು. ವಾರಕ್ಕೆ ನಾಲ್ಕು ದಿಂಬು ಬಂದರೂ ಗಂಡ ಸ್ವಲ್ಪ ಮುಖ ಸಿಂಡರಿಸಿ ಸುಮ್ಮನಾಗುತ್ತಾನೆ. ಬರದಿದ್ದರೂ ಹದಿನೇಳನೇ ಮಿಷನ್ನಿನ ಮುಂದೆ ಅವಳು ಕೂರುವುದಿಲ್ಲ. ಅದನ್ನು ಮೈದುನನಿಗೆ ಹೇಳುವ ದಿನ ಹೇಳಿದರಾಯಿತು.

ಗಂಡ ಕೆಲಸ ಮುಗಿಸಿ ಬಂದು, ಚಪ್ಪಲಿ ಬಿಡುತ್ತಾ, ಏನು ವಿಶೇಷ, ಒಬ್ಬಳೇ ನಗ್ತಾ ಇದ್ದೀಯ, ಅಂದ.

"ಏನಿಲ್ಲ," ಅಂದಳು. "ಆ ಕಡೆ ಸರೀರಿ, ಅರಳೆ ತುಳೀತೀರ." ದಬ್ಬಣಕ್ಕೆ ದಾರ ಪೋಣಿಸಿ, ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಗಂಟು ಹಾಕಿದಳು.