ಪಾಲಿಸಿಯಲ್ಲಿ ಇಲ್ಲದ ಹೆಸರು

ಕಾರಿನ ಹಿಂದಿನ ಗಾಜಿಗೆ ಅಂಟಿಸಿದ್ದ ಕೆಂಪು ‘ಎಲ್’ ಅಕ್ಷರವನ್ನು ಅಪ್ಪ ಉಗುರಿನಿಂದ ಕೆರೆದು ಕೀಳುತ್ತಿದ್ದ. ಯಾವ ಮಳೆಗೂ ಜಗ್ಗಬಾರದೆಂದು ಒತ್ತಿ ಒತ್ತಿ ಅಂಟಿಸಿದವನೂ ಅವನೇ. ಈಗ ಅದು ಚೂರುಚೂರಾಗಿ ಏಳುತ್ತಿತ್ತು. ಮಗಳು ಪಕ್ಕದಲ್ಲಿ ನಿಂತಿದ್ದಳು. ತಿರುವಿನಲ್ಲಿ ಒಂದು ಸೈಕಲ್ ಮಗುಚಿ ಬಿದ್ದಿತ್ತು. ಅದರ ಹ್ಯಾಂಡಲ್ಲಿಗೆ ತೂಗುಹಾಕಿದ್ದ ಡಬ್ಬಿಯಿಂದ ಹಸಿರು ಬಣ್ಣ ಚೆಲ್ಲಿ ಚರಂಡಿಯವರೆಗೂ ಹರಿದಿತ್ತು. ಸೈಕಲ್ಲಿನವನನ್ನು ಆಂಬುಲೆನ್ಸಿನವರು ಆಗತಾನೇ ಕರೆದೊಯ್ದಿದ್ದರು. ಇನ್ನು ಪೊಲೀಸರು ಬರಬೇಕಿತ್ತು.

“ಪುಟ್ಟೀ, ಇಲ್ಲಿ ಕೇಳು. ಕಾರು ಓಡಿಸ್ತಿದ್ದದ್ದು ನಾನು. ನೀನು ಪಕ್ಕದಲ್ಲಿ ಕೂತಿದ್ದೆ. ಅಷ್ಟೇ.”

“ಯಾಕಪ್ಪಾ? ಗುದ್ದಿದ್ದು ನಾನು ತಾನೇ?”

“ಪಾಲಿಸಿಯಲ್ಲಿ ನಿನ್ನ ಹೆಸರಿಲ್ಲ.”

“ಸೇರಿಸಿದ್ದೀನಿ ಅಂದಿದ್ಯಲ್ಲಾ?”

ಅಪ್ಪ ಇನ್ನೊಂದು ಚೂರು ಕಿತ್ತ.

ಸೇರಿಸಿರಲಿಲ್ಲ. ವಿಮೆ ನವೀಕರಿಸಲು ಹೋದಾಗ ಕೌಂಟರಿನ ಹೆಂಗಸು, “ಮನೇಲಿ ಹೊಸದಾಗಿ ಕಲಿಯೋರು ಯಾರಾದ್ರೂ ಗಾಡಿ ಮುಟ್ತಾರಾ ಸಾರ್?” ಎಂದು ಕೇಳಿದ್ದಳು. “ಅಯ್ಯೋ, ನನ್ನ ಕಾರನ್ನ ನನ್ನ ಹೆಂಡತೀನೇ ಮುಟ್ಟೋ ಹಾಗಿಲ್ಲ ಮೇಡಂ” ಎಂದು ಇವನು ನಗಿಸಿಬಿಟ್ಟಿದ್ದ. ಕಲಿಯುವವರನ್ನು ಸೇರಿಸಿದರೆ ಕಂತು ಏರುತ್ತದೆಂದು ಯಾರೋ ಹೇಳಿದ್ದರು. ಮಗಳ ಕೈ ಸ್ವಲ್ಪ ಕುದುರಲಿ, ಆಮೇಲೆ ಸೇರಿಸಿದರಾಯಿತು ಎಂದುಕೊಂಡ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಕಟ್ಟುಹಲ್ಲಿನ ಸೆಟ್ ಮಾಡುವುದು ಅವನ ಕಸುಬು. ಕೂದಲೆಳೆಯಷ್ಟು ಎತ್ತರ ಹೆಚ್ಚಾದರೂ ಮತ್ತೆ ಮತ್ತೆ ಉಜ್ಜಿ ಸರಿಮಾಡುವ ಮನುಷ್ಯ. ಇನ್ನೊಬ್ಬರ ಬಾಯಿಯ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದವನು ತನ್ನ ಬಾಯಿಂದ ಬಂದದ್ದನ್ನು ತಿದ್ದುವ ಗೋಜಿಗೆ ಹೋಗಲಿಲ್ಲ.

“ಓಡಿಸಿದ್ದು ನೀನು ಅಂದ್ರೆ ಕಂಪನಿಯವರು ಕೈತೊಳ್ಕೊಂಡ್ಬಿಡ್ತಾರೆ. ಆ ಮನುಷ್ಯನ ಆಸ್ಪತ್ರೆ ಖರ್ಚು ಯಾರು ನೋಡ್ತಾರೆ? ನಿನ್ನ ಮೇಲೆ ಕೇಸು ಬೇರೆ. ಅವನು ಹಿಂದಿನಿಂದ ಏಟು ತಿಂದವನು, ಯಾರನ್ನೂ ನೋಡಿಲ್ಲ.” ಸ್ವಲ್ಪ ತಡೆದು ಸೇರಿಸಿದ, “ಅಲ್ಲದೆ ತಿರುಗಿಸು ಅಂದವನು ನಾನೇ ಅಲ್ವಾ?”

ಅದು ಸುಳ್ಳಲ್ಲ. ಅವಳು ತಿರುವಿನಲ್ಲಿ ಬ್ರೇಕ್ ಒತ್ತಿ ಅನುಮಾನಿಸುತ್ತಿದ್ದಾಗ, “ಯಾರೂ ಇಲ್ಲ, ತಿರುಗಿಸು ತಿರುಗಿಸು” ಎಂದು ಅವಸರ ಮಾಡಿದವನು ಅವನೇ. ಆ ಒಂದು ನಿಜವನ್ನು ಹಿಡಿದುಕೊಂಡೇ ಅವನು ಉಳಿದದ್ದನ್ನೆಲ್ಲ ದಾಟಿದ.

ಪೊಲೀಸರ ಮುಂದೆ ಅವನ ಮಾತು ಎಲ್ಲೂ ತಡವರಿಸಲಿಲ್ಲ. ವಾರದೊಳಗೆ ಕಂಪನಿಯಿಂದ ಒಬ್ಬ ಮನೆಗೆ ಬಂದ. ಬಂಪರಿನ ತಗ್ಗು ನೋಡಿದ, ಫೋಟೋ ತೆಗೆದ, ನೀರು ಕುಡಿದ. ಹೊರಡುವ ಮುನ್ನ ಸುಮ್ಮನೆ ಕೇಳುವವನಂತೆ ಮಗಳ ಕಡೆ ತಿರುಗಿ, “ನೀವು ಎಲ್ಲಿ ಕೂತಿದ್ರಿ?” ಎಂದ.

“ಅಪ್ಪನ ಪಕ್ಕದಲ್ಲಿ” ಎಂದಳು. ಒಂದಿಷ್ಟೂ ತೊದಲಲಿಲ್ಲ. ಅಪ್ಪನಿಗೆ ಉಸಿರು ಬಂದಂತಾಯಿತು. ಮಗಳು ಜಾಣೆ ಎಂದು ಒಳಗೊಳಗೇ ಹಿಗ್ಗಿದ್ದೂ ಉಂಟು.

ಕಂಪನಿ ಒಪ್ಪಿತು. ಆಸ್ಪತ್ರೆಯವರಿಗೆ ಸಲ್ಲಬೇಕಾದದ್ದು ಸಂದಿತು. ಸುದ್ದಿ ಬಂದ ದಿನ ಅಪ್ಪ ನಿರಾಳವಾಗಿ ಊಟಕ್ಕೆ ಕೂತಿದ್ದಾಗ ಮಗಳು ಹೇಳಿದಳು, “ಎಲ್ಲ ಮುಗೀತಲ್ಲ ಅಪ್ಪಾ. ಈಗ ನಾನು ಅವರ ಮನೆಗೆ ಹೋಗಿ ತಪ್ಪಾಯ್ತು ಅಂತೀನಿ.”

“ನೋಡ್ಕೊಂಡು ಬರೋಣ, ನಾನೂ ಬರ್ತೀನಿ. ಆದ್ರೆ ಹೇಳೋದು ಗೀಳೋದು ಏನೂ ಬೇಡ.”

“ನಂಗೆ ರಾತ್ರಿ ನಿದ್ದೆ ಬರ್ತಿಲ್ಲಪ್ಪಾ.”

“ದಿನ ಕಳೆದ್ರೆ ಬರತ್ತೆ” ಎಂದು ಅಪ್ಪ ಕೈತೊಳೆಯಲು ಎದ್ದ.

ಸೈಕಲ್ಲಿನವನು ಅಂಗಡಿಗಳ ಬೋರ್ಡು ಬರೆಯುವ ಪೇಂಟರ್. ಒಂದೇ ಕೋಣೆಯ ಮನೆ, ಟರ್ಪೆಂಟೈನ್ ವಾಸನೆ. ಬಲಗೈ ಮೊಣಕೈವರೆಗೂ ಪ್ಲಾಸ್ಟರ್ ಕಟ್ಟಿನಲ್ಲಿತ್ತು. ತುದಿಯಲ್ಲಿ ಕಾಣುತ್ತಿದ್ದ ಬೆರಳುಗಳ ಉಗುರಿನ ಸಂದಿಯಲ್ಲಿ ಇನ್ನೂ ಹಸಿರು ಬಣ್ಣವಿತ್ತು. ಬಂದವರನ್ನು ನೋಡಿ ಅವನು ಎಡಗೈಯಿಂದಲೇ ಸ್ಟೂಲು ಎಳೆದು ಹಾಕಿದ. ಗೋಡೆಗೆ ಒರಗಿಸಿದ್ದ ಅರ್ಧ ಬರೆದ ಬೋರ್ಡಿನತ್ತ ಮಗಳು ನೋಡುತ್ತಿರುವುದು ಕಂಡು ನಕ್ಕ.

“‘ಕೊಡೆ ರಿಪೇರಿ ಮಾಡಲಾಗುವುದು’ ಅಂತ ಆಗ್ಬೇಕಿತ್ತು. ‘ಮಾಡಲಾ’ಗೆ ನಿಂತಿದೆ. ಬಂದೋರೆಲ್ಲ ‘ಮಾಡಪ್ಪಾ, ಮಾಡು’ ಅಂತಾರೆ.”

ಅಪ್ಪ ಜೋರಾಗಿ ನಕ್ಕ. ಮಗಳು ನಗಲಿಲ್ಲ.

“ಕೈ ಸರಿಹೋಗತ್ತಾ ಅಂಕಲ್?”

“ಬೆರಳೇನೋ ಆಡತ್ತೆ. ಬ್ರಷ್ ಹಿಡಿದಾಗ ನಡುಗದೆ ನಿಂತ್ರೆ ಆಯ್ತು. ಅದನ್ನ ಕಟ್ಟು ಬಿಚ್ಚಿದ ಮೇಲೇ ನೋಡ್ಬೇಕಂತೆ.” ಅವಳ ಮುಖ ಸಣ್ಣಗಾದದ್ದು ಕಂಡು ಅವನೇ ಸಮಾಧಾನಕ್ಕೆ ಇಳಿದ. “ನೋಡಮ್ಮಾ, ಅದಕ್ಕೆ ಅಂತ ನಿಮ್ಮಪ್ಪನ ಮೇಲೆ ಮುನಿಸ್ಕೋಬೇಡ. ವಯಸ್ಸಾಗ್ತಾ ಬಂತು, ಕಣ್ಣು ಮಂಜಾಗಿರತ್ತೆ. ಬೇಕೂಂತ ಯಾರು ಗುದ್ದುತ್ತಾರೆ? ನೀನೇ ಬೇಗ ಡ್ರೈವಿಂಗ್ ಕಲಿ. ಅವರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಓಡಾಡು.”

ಮಗಳು ಸ್ಟೂಲಿನಿಂದ ಎದ್ದಳು. ಎರಡು ಹೆಜ್ಜೆ ಮುಂದೆ ಬಂದು, “ಅಂಕಲ್, ಅವತ್ತು…” ಎಂದಳು.

“ಅವತ್ತಿಂದ ಇವಳಿಗೆ ನಿದ್ದೇನೇ ಇಲ್ಲ” ಎಂದು ಅಪ್ಪ ನಡುವೆ ಬಾಯಿ ಹಾಕಿದ. “ಕಂಡೋರ ನೋವಿಗೂ ಕರಗಿಹೋಗ್ತಾಳೆ. ಮನಸ್ಸು ಬಹಳ ಮೆತ್ತಗೆ. ತಪ್ಪೆಲ್ಲ ನನ್ನದು, ಕ್ಷಮಿಸಿಬಿಡಿ.”

“ಅಯ್ಯೋ, ದೊಡ್ಡ ಮಾತು ಬಿಡಿ ಸಾರ್” ಎಂದು ಪೇಂಟರ್ ತನ್ನ ಎಡಗೈಯಿಂದ ಅಪ್ಪನ ಕೈ ಹಿಡಿದುಕೊಂಡ. ಮಗಳು ಹಿಂದೆ ಹೋಗಿ ಸ್ಟೂಲಿನ ಮೇಲೆ ಕೂತಳು.

ನಿಜ ಗೊತ್ತಾಗಿದ್ದರೂ ಪೇಂಟರ್ ಯಾರಿಗೂ ಹೇಳುತ್ತಿರಲಿಲ್ಲ ಎಂಬುದು ಅಪ್ಪನಿಗೆ ಮೆಟ್ಟಿಲು ಇಳಿಯುವಾಗಲೇ ಹೊಳೆಯಿತು. ಅವಳು ಹೇಳಿಬಿಟ್ಟಿದ್ದರೆ ಅವನು ಇದೇ ಕೈಯಿಂದ ಅವಳ ಕೈ ಹಿಡಿದುಕೊಳ್ಳುತ್ತಿದ್ದ. ಅವಳಿಗೆ ಸೇರಬೇಕಾದ ಕ್ಷಮೆಯನ್ನು ತಾನು ನಡುವೆ ನುಗ್ಗಿ ಪಡೆದುಕೊಂಡು ಬಂದೆನಲ್ಲ ಎಂದು ಅವನಿಗೆ ತುಂಬ ನಾಚಿಕೆಯಾಯಿತು.

ಮಾರನೆಯ ದಿನವೇ ಅವನು ವಿಮೆ ಕಚೇರಿಗೆ ಹೋಗಿ ಅವಳ ಹೆಸರು ಸೇರಿಸಿದ. ಹೊಸ ಪಾಲಿಸಿಯನ್ನು ಅವಳ ಮೇಜಿನ ಮೇಲೆ ಕಾಣುವಂತೆ ಇಟ್ಟ. ಅವಳು ಅದನ್ನು ತೆಗೆದು ಓದಿ, ಮಡಚಿ, ಅವನ ಕಪಾಟಿನಲ್ಲಿ ಇಟ್ಟುಬಂದಳು. ಭಾನುವಾರ ಖಾಲಿ ಮೈದಾನಕ್ಕೆ ಹೋಗೋಣವೇ ಎಂದರೆ, ಓದುವುದಿದೆ ಎಂದಳು. ಮುಂದಿನ ಭಾನುವಾರ ತಲೆನೋವು ಎಂದಳು. ಆಮೇಲೆ ಕಾರಣ ಹೇಳುವುದನ್ನೂ ಬಿಟ್ಟಳು.

ಒಂದು ಬೆಳಗ್ಗೆ ಅವಳು ಕಾಲೇಜಿಗೆ ಹೊರಟಾಗ ಅಪ್ಪ ಗೇಟಿನ ಬಳಿ ಕೀಲಿಕೈ ಹಿಡಿದು ನಿಂತಿದ್ದ.

“ನಡಿ ಪುಟ್ಟೀ, ಪೇಂಟರ್ ಮನೆಗೆ ಹೋಗೋಣ. ನೀನೇ ಓಡಿಸು. ಹೋಗಿ ಇದ್ದದ್ದು ಇದ್ದ ಹಾಗೆ ಹೇಳು. ನಾನು ಬಾಯಿ ಹಾಕಲ್ಲ.”

ಅವಳು ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡು ಎದ್ದಳು. ಅವಳ ಮುಖದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ವಾಸಿಯಾಗಿರುತ್ತಿತ್ತು.

“ಏನಂತ ಹೇಳ್ಲಿ ಅಪ್ಪಾ? ಅವತ್ತು ಹೇಳಿದ್ದಿದ್ರೆ ಕ್ಷಮೆ ಕೇಳಿದ ಹಾಗಾಗ್ತಿತ್ತು. ಇವತ್ತು ಹೇಳಿದ್ರೆ ನಿನ್ನ ಮೇಲೆ ದೂರು ಹೇಳಿದ ಹಾಗಾಗತ್ತೆ.”

ಗೇಟು ತೆಗೆದು, ಮತ್ತೆ ಚಿಲಕ ಹಾಕಿ, ಬಸ್‌ಸ್ಟಾಪಿನ ಕಡೆ ನಡೆದಳು. ಮೂಲೆ ತಿರುಗುವ ಮೊದಲು ಎರಡೂ ಕಡೆ ನೋಡಿ, ಯಾವ ಗಾಡಿಯೂ ಇಲ್ಲದಿದ್ದರೂ ತುಸು ಹೊತ್ತು ನಿಂತು, ಆಮೇಲೆ ದಾಟಿದಳು.

ಅಪ್ಪ ಕಾರಿನೊಳಗೆ ಹೋಗಿ ಕೂತ. ಬೆಲ್ಟು ಹಾಕಿಕೊಂಡ. ಎಷ್ಟು ಹೊತ್ತು ಹಾಗೇ ಇದ್ದನೋ, ಅಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು ಗಾಜು ತಟ್ಟಿದಳು.

“ಕೆಲಸಕ್ಕೆ ಹೊತ್ತಾಗ್ಲಿಲ್ವೇನ್ರೀ? ಯಾರು ಓಡಿಸ್ತಾರೆ ಅಂತ ಈ ಕಡೆ ಕೂತಿದ್ದೀರಿ?”

ಅವನು ಬೆಲ್ಟು ಬಿಚ್ಚಿ ಇಳಿದ. ಬಾನೆಟ್ಟಿನ ಮೇಲೆ ಕೈಯೂರಿಕೊಂಡು ಕಾರಿನ ಮುಂದಿನಿಂದ ಸುತ್ತಿಬಂದು, ಡ್ರೈವರ್ ಸೀಟಿನ ಬಾಗಿಲು ತೆರೆದ.