ಪ್ಲಾಸ್ಟಿಕ್ಕಿನ ಕೆಳಗಿನ ನೀಲಿ

ನನಗೂ ನನ್ನ ಗಂಡ ಶೌಕಿಗೂ ನಲವತ್ತು ವರ್ಷ ಬಿಡದೆ ನಡೆದ ಜಗಳ ಒಂದೇ: ಕಾರಿನ ಸೀಟಿನ ಪ್ಲಾಸ್ಟಿಕ್ಕು. ಉಳಿದವೆಲ್ಲ ಬಂದು ಹೋಗುವ ಜಗಳಗಳು.

ಮದುವೆಗೆ ಮುಂಚೆಯೇ ಶೌಕಿ ಹೆಸರು ಬರೆಸಿ ನಾಲ್ಕು ವರ್ಷ ಕಾದ ಮೇಲೆ ಆ ಫಿಯಟ್ ನಮ್ಮ ಕೈಗೆ ಬಂತು. ಬಣ್ಣ ಆರಿಸುವ ಭಾಗ್ಯ ಆಗ ಯಾರಿಗಿತ್ತು? ಬಂದದ್ದು ಬಿಳಿ ಕಾರು, ಒಳಗೆ ನೀಲಿ ಬಟ್ಟೆಯ ಸೀಟು, ಅದರ ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ. ಮೂಲೆಯಲ್ಲಿ ಬೆರಳು ತೂರಿಸಿ ಆ ಬಟ್ಟೆಯನ್ನು ಒಮ್ಮೆ ಮುಟ್ಟಿದ್ದೆ. ಬೆಕ್ಕಿನ ಮರಿಯ ಹೊಟ್ಟೆಯಷ್ಟು ಮೆತ್ತಗಿತ್ತು. "ಕೈ ತೆಗಿ ಇನ್ಸಾಫ್, ಕೊಳೆ ಆಗುತ್ತೆ" ಎಂದರು ಶೌಕಿ. ಮದುವೆಯಾಗಿ ಆರೇ ತಿಂಗಳಾಗಿತ್ತು, ತೆಗೆದೆ.

ಅಲೆಕ್ಸಾಂಡ್ರಿಯಾದಲ್ಲಿ ಹೊಸ ಕಾರಿನ ಪ್ಲಾಸ್ಟಿಕ್ ಕಿತ್ತವನನ್ನು ದುಂದುಗಾರ ಎನ್ನುತ್ತಿದ್ದರು. ನಮ್ಮತ್ತೆ ಅತಿಥಿಗಳ ಕೋಣೆಯ ಸೋಫಾಗೆ ಸಾಯುವ ತನಕ ಬಿಳಿ ಬಟ್ಟೆ ಹೊದಿಸಿಟ್ಟಿದ್ದರು. ಅವರ ಮಗನಲ್ಲವೇ ಇವರು! ಪ್ಲಾಸ್ಟಿಕ್ಕಿನ ಮೇಲೆ ಮಖಮಲ್ಲಿನ ಕವರು ಹಾಕಿಸಿದರು, ಕವರು ಸವೆಯಬಾರದೆಂದು ಅದರ ಮೇಲೊಂದು ಕುರಿಚರ್ಮ. ಬೇಸಿಗೆಯಲ್ಲಿ ಬೆನ್ನು ಬೆಂದುಹೋಗುತ್ತಿತ್ತು. ಸಮುದ್ರದ ದಂಡೆಗೆ ಹೋದರೆ ಹುರಿದ ಕಲ್ಲಂಗಡಿ ಬೀಜವನ್ನೂ ಕಾರಿನೊಳಗೆ ತಿನ್ನುವಂತಿರಲಿಲ್ಲ. ಇಳಿದು ತಿಂದು, ಬಟ್ಟೆ ಕೊಡವಿಕೊಂಡು ಹತ್ತಬೇಕು.

"ಯಾವಾಗ ತೆಗೀತೀರಿ ಅದನ್ನ?" ಎಂದರೆ, "ನಿಹಾಲ್ ಮದುವೆಗೆ" ಎನ್ನುತ್ತಿದ್ದರು. ಮಗಳ ಮದುವೆ ಬಂತು. "ಹೂವಿನ ಕಲೆ ಆಗುತ್ತೆ ಕಣೆ, ಹಜ್‌ನಿಂದ ಬಂದ್ಮೇಲೆ ತೆಗೆಯೋಣ." ಹಜ್ ಮುಗಿಯಿತು. "ರಿಟೈರ್ ಆಗ್ಲಿ ತಡಿ. ಅಬು ಕೀರ್‌ಗೆ ಮೀನೂಟಕ್ಕೆ ಹೋಗೋಣ, ಆವತ್ತು ನಿನ್ನ ಆ ನೀಲಿ ಸೀಟಲ್ಲೇ ಕೂರಿಸ್ತೀನಿ. ಆಣೆ." ರಿಟೈರ್ ಆದರು. ಮಂಡಿನೋವು, ಸಕ್ಕರೆ ಕಾಯಿಲೆ, ಆಸ್ಪತ್ರೆ. ಹೋದ ಚಳಿಗಾಲದಲ್ಲಿ ತೀರಿಕೊಂಡರು.

ಒಂದು ವಾರದ ಹಿಂದೆ ನಿಹಾಲ್ ಹಟ ಹಿಡಿದಳು. "ಅಮ್ಮಾ, ಕಾರೊಳಗೆ ಮುಗ್ಗಲು ವಾಸನೆ. ಎಲ್ಲ ಕಿತ್ತು ಕಪ್ಪು ಲೆದರ್ ಹಾಕಿಸ್ಬಿಡು." ನನಗೂ ಸಿಟ್ಟಿತ್ತು, ಆ ಪ್ಲಾಸ್ಟಿಕ್ಕಿನ ಮೇಲೆ, ಹೇಳದೆ ಕೇಳದೆ ಹೋದವರ ಮೇಲೆ. ಕಾರನ್ನು ಕರ್ಮೂಜ್ ಪೇಟೆಯ ಕುಶನ್ ಅಂಗಡಿಗೆ ಕಳಿಸಿದೆ. ಅಂಗಡಿಯ ಮೇಸ್ತ್ರಿ, ಎಲ್ಲರೂ ಉಸ್ತಾ ಎಂದು ಕರೆಯುವ ಗಾಬಿರ್, ನಮಗೆ ಹಳಬ. ಮಖಮಲ್ಲಿನ ಕವರು ಹೊಲಿದವನೂ ಅವನೇ.

ಮರುದಿನ ಬೆಳಿಗ್ಗೆಯೇ ಅವನ ಫೋನು. "ಟೀಚರಮ್ಮಾ, ಒಂದ್ಸಲ ಬಂದು ನೋಡ್ಬಿಡಿ. ಹೀಗೇ ಕತ್ತರಿ ಹಾಕೋಕೆ ನಂಗೆ ಧೈರ್ಯ ಸಾಲ್ತಿಲ್ಲ."

ಹೋದೆ. ನಾನು ಕೂರುತ್ತಿದ್ದ ಮುಂದಿನ ಸೀಟನ್ನಷ್ಟೇ ಬಿಚ್ಚಿದ್ದ. ಕುರಿಚರ್ಮ, ಮಖಮಲ್ಲು ನೆಲದ ಮೇಲೆ ಬಿದ್ದಿದ್ದವು. ಹಳದಿಗಟ್ಟಿದ ಪ್ಲಾಸ್ಟಿಕ್ಕನ್ನು ಅರ್ಧ ಮಡಚಿದ್ದ. ಅದರ ಕೆಳಗೆ ಅದೇ ನೀಲಿ! ಒಂದು ಕಲೆಯಿಲ್ಲ, ಒಂದು ಸುಕ್ಕಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ನಾನು ಮುದುಕಿಯಾಗಿದ್ದೆ, ಅದು ಆಗಿರಲಿಲ್ಲ.

"ಹೊಸದಾಗೇ ಇದೆ ಅಂತ ಖುಷಿ ಪಡ್ಬೇಡಿ," ಎಂದ ಉಸ್ತಾ. "ಉಪ್ಪುಗಾಳಿ ತೇವ ಎಲ್ಲ ಪ್ಲಾಸ್ಟಿಕ್ ಒಳಗೇ ಕೂತು ನೂಲು ಕೊಳೆಸಿದೆ. ಫೋಮು ಹಿಟ್ಟಾಗಿದೆ. ಗಾಳಿ ಆಡೋಕೆ ಬಿಟ್ಟಿದ್ರೆ ಎಷ್ಟೋ ವರ್ಷ ಕೂರಬಹುದಿತ್ತು. ಈಗ ನೋಡೋಕೆ ಮಾತ್ರ ಹೊಸದು. ಯಾರಾದ್ರೂ ಕೂತ್ರೆ ಅವತ್ತೇ ಹರಿಯುತ್ತೆ."

"ಬೇರೆ ದಾರಿ?"

"ಎರಡಿದೆ. ಕಿತ್ತು ಲೆದರ್ ಹಾಕೋದು. ಇಲ್ಲಾ, ಹಾಗೇ ಮುಚ್ಚಿ ಶೆಡ್ಡಲ್ಲಿ ನಿಲ್ಲಿಸೋದು. ಮೊಮ್ಮಕ್ಕಳು ನೋಡ್ಲಿ."

"ಮುಚ್ಚಿಡೋದು ನಮ್ಮನೇಲಿ ಬೇಕಾದಷ್ಟಾಗಿದೆ," ಎಂದೆ. ಅವನು ತರಿಸಿದ ಚಹಾ ಕುಡಿದೆ. ಲೋಟ ಬರಿದಾಗುವಷ್ಟರಲ್ಲಿ ನನ್ನ ಮನಸ್ಸು ಗಟ್ಟಿಯಾಗಿತ್ತು. "ಉಸ್ತಾ, ಈ ಸೀಟಿನ ಪ್ಲಾಸ್ಟಿಕ್ ಪೂರ್ತಿ ತೆಗಿ. ಅವರ ಸೀಟು ಮುಟ್ಬೇಡ, ಹೇಗಿದೆಯೋ ಹಾಗೇ ಇರ್ಲಿ. ಆಮೇಲೆ ನನ್ನನ್ನ ಅಬು ಕೀರ್‌ಗೆ ಕರ್ಕೊಂಡು ಹೋಗು. ಮೀನೂಟ ನಂದು."

"ಹರಿದುಹೋಗುತ್ತೆ ಅಂದ್ನಲ್ಲಾ!"

"ಹರೀಲಿ. ನಾಳೆ ನಿನ್ನ ಲೆದರ್ ಹಾಕ್ಕೋ."

ಅವನು ನಕ್ಕ. "ಶೌಕಿ ಸಾಹೇಬ್ರು ಇದ್ದಿದ್ರೆ ಇಬ್ರನ್ನೂ ಒದ್ದು ಓಡಿಸ್ತಿದ್ರು, ಅಲ್ಲಾಹ್ ಅವರಿಗೆ ಕರುಣೆ ತೋರಲಿ."

ನಾನು ಮೊದಲು ಬಟ್ಟೆ ಕೊಡವಿಕೊಂಡೆ, ಅಭ್ಯಾಸ. ನಿಧಾನವಾಗಿ ಕೂತೆ. ಮೆತ್ತಗಿತ್ತು, ತಣ್ಣಗಿತ್ತು. ಅಂಗೈಯನ್ನು ಬಟ್ಟೆಯ ಮೇಲೆ ಇಟ್ಟುಕೊಂಡೇ ಹೊರಟೆ. ಸಮುದ್ರದ ದಂಡೆಯುದ್ದಕ್ಕೂ ಕಾರು ಸಾಗಿತು. ಎಡಗಡೆ, ಶೌಕಿ ಸ್ಟೀರಿಂಗ್ ಹಿಡಿಯುತ್ತಿದ್ದ ಸೀಟಲ್ಲಿ, ಉಸ್ತಾ ಗೇರು ಹಾಕಿದಾಗಲೆಲ್ಲ ಅವನ ಕೆಳಗೆ ಪ್ಲಾಸ್ಟಿಕ್ಕು ಕಿರ್ರೆನ್ನುತ್ತಿತ್ತು. ನಲವತ್ತು ವರ್ಷ ನನ್ನ ಎಡಕ್ಕೆ ಕೇಳಿದ ಸದ್ದು ಅದು. ನಾನು ಆ ಕಡೆ ತಿರುಗಲಿಲ್ಲ. ತಿರುಗಿದರೆ ಉಸ್ತಾ ಕಾಣುತ್ತಾನೆ. ರಸ್ತೆಯನ್ನೇ ನೋಡುತ್ತಾ ಕೂತರೆ ಶೌಕಿ ಪಕ್ಕದಲ್ಲೇ ಇದ್ದರು, ಇಷ್ಟು ಹತ್ತಿರದಲ್ಲಿ.

ಮುಂತಝಾ ದಾಟುವಾಗ ಒಂದು ಗುಂಡಿ ಬಂತು. ನನ್ನ ಕೆಳಗೆ ಬಟ್ಟೆ ಸರ್ರನೆ ಹರಿಯಿತು.

"ರೀ, ಹರಿದುಹಾಕ್ಬಿಟ್ಟೆ," ಎಂದೆ.

"ನಂಗಾ ಹೇಳಿದ್ದು, ಟೀಚರಮ್ಮಾ?"

"ನಿಂಗಲ್ಲಪ್ಪ. ನೀನು ರಸ್ತೆ ನೋಡು."

ಚೀಲದಿಂದ ಬೀಜದ ಪೊಟ್ಟಣ ತೆಗೆದೆ. ಒಂದೊಂದೇ ಕಡಿದು ಸಿಪ್ಪೆಯನ್ನು ಆ ಹರಕು ನೀಲಿಯ ಮೇಲೆಯೇ ಉದುರಿಸುತ್ತಾ, ಎಡಗಡೆಯಿಂದ ಬೈಗುಳ ಬರುತ್ತದೆಂದು ಅಬು ಕೀರ್ ಮುಟ್ಟುವ ತನಕ ಕಾದೆ.