ಮನಸ್ಸಿನಲ್ಲಿ ಹಾಡಿದ ಸೊಲ್ಲು

ಆ ಬೇಸಿಗೆಯಲ್ಲಿ ವೀಣಾ ತನ್ನ ಅತ್ತೆಯನ್ನು ನೋಡುತ್ತಿದ್ದದ್ದು ಒಲೆಯ ಮೇಲಿನ ಹಾಲನ್ನು ನೋಡುವ ಹಾಗೆ. ಕಣ್ಣು ತೆಗೆದರೆ ಉಕ್ಕಿ ಹೋದೀತು ಎಂಬ ಭಯ. ಎರಡು ಸಾವಿರದ ಏಳನೆಯ ಇಸವಿ. ಯಾವುದೋ ವಾರಪತ್ರಿಕೆಯಲ್ಲಿ ಮರೆವಿನ ಕಾಯಿಲೆಯ ಬಗ್ಗೆ ಒಂದು ಲೇಖನ ಬಂದಿತ್ತು. ಹೊನ್ನಾವರದಲ್ಲಿ ಬಿ.ಎ. ಮುಗಿಸಿ ಕಾಯ್ಕಿಣಿಗೆ ಸೊಸೆಯಾಗಿ ಬಂದ ವೀಣಾ ಓದಿದ್ದನ್ನು ಓದಿ ಅಲ್ಲಿಗೇ ಬಿಡುವವಳಲ್ಲ. ಅಲ್ಲಿದ್ದ ಲಕ್ಷಣಗಳನ್ನೆಲ್ಲ ಅತ್ತೆ ಗಂಗಿಗೆ ಹಿಡಿದು ನೋಡಿದಳು. ಸಾರಿಗೆ ಎರಡು ಸಲ ಉಪ್ಪು ಹಾಕಿದ್ದು ಹೌದು. ಕತ್ತಿಯನ್ನು ಬಾವಿಕಟ್ಟೆಯ ಮೇಲೆ ಬಿಟ್ಟು ಮನೆಯೆಲ್ಲ ಹುಡುಕಿದ್ದೂ ಹೌದು. ಎಲ್ಲಕ್ಕಿಂತ ಹೆದರಿಕೆಯದು ಇನ್ನೊಂದಿತ್ತು. ಹರಿವೆ ಸಾಲಿಗೆ ನೀರು ಹೊಯ್ಯುತ್ತ ಹಾಡು ಎತ್ತಿಕೊಂಡ ಗಂಗಿ ಒಂದು ಸೊಲ್ಲು ಹೇಳಿ ನಿಂತುಬಿಡುತ್ತಿದ್ದಳು. ಮುಂದಿನದು ಬರುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅದೇ ಸೊಲ್ಲು, ಮತ್ತೆ ಅಲ್ಲೇ ತಡೆ.

"ಅತ್ತೆ, ಇವತ್ತು ಯಾವ ವಾರ?"

"ಬೆಳಿಗ್ಗೆಯೂ ಕೇಳಿದ್ದೆಯಲ್ಲೆ. ನಿಂಗೇ ಮರ್ತು ಹೋಯ್ತಾ? ಮಂಗಳವಾರ. ಸೆರಗಿಗೆ ಗಂಟು ಹಾಕ್ಕೊ, ಮಧ್ಯಾಹ್ನ ಕೇಳುದು ತಪ್ತದೆ."

ಹೀಗೆ ನಗೆಯಲ್ಲಿ ತೇಲಿಸಿಬಿಡುತ್ತಿದ್ದಳು ಗಂಗಿ. ವೀಣಾಳಿಗೆ ನಗು ಬರುತ್ತಿರಲಿಲ್ಲ, ಏಕೆಂದರೆ ಹೆಬಳೆಯಲ್ಲಿ ಗಂಗಿಯ ತಮ್ಮನ ಮೊಮ್ಮಗಳ ಮದುವೆ ಹತ್ತಿರ ಬಂದಿತ್ತು. ಆ ಕಡೆಯ ಯಾವ ಮದುವೆಯಲ್ಲೂ ಹಾಡು ಎತ್ತುವವಳು ಗಂಗಿಯೇ. ಧಾರೆಯ ಹೊತ್ತಿಗೆ ನೆಂಟರಿಷ್ಟರ ಎದುರು ಅವಳ ಬಾಯಿ ಕಟ್ಟಿಬಿಟ್ಟರೆ? ಮುದುಕಿಗೆ ಆಮೇಲೆ ತಲೆ ಎತ್ತಲಿಕ್ಕೆ ಉಂಟೆ?

ಗಂಡ ಕೃಷ್ಣಾನಂದ ಬಸ್ ಕಂಡಕ್ಟರ್. ದಿನವಿಡೀ ಜಗಳ ಬಿಡಿಸಿ ಬರುವವನಿಗೆ ಮನೆಯಲ್ಲಿ ಇನ್ನೊಂದು ಬೇಡ. "ಈ ಸಲ ಹಾಡು ನಮ್ಮ ಕೇರಿಯ ಹೊನ್ನಮ್ಮ ಎತ್ತಲಿ, ಅವಳಿಗೂ ಬರ್ತದೆ. ನಾ ಅವಳಿಗೆ ಹೇಳ್ತೆ. ಆದರೆ ಅಬ್ಬೆಗೆ ನೀ ಹೇಳು" ಎಂದ.

"ನಾನಾ?"

"ಮತ್ತೆ? ಓದಿದವಳು ನೀನಲ್ಲವಾ?"

ಹೇಳುವ ಧೈರ್ಯವಿಲ್ಲದೆ ವೀಣಾ ಬೇರೆ ದಾರಿ ಹುಡುಕಿದಳು. ಅವಳ ಕಾಲೇಜು ಗೆಳತಿಯ ತಂಗಿ, ಕುಮಟೆಯ ಪ್ರಣಿತಾ, ಮೆದುಳಿನ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಬರೆದಿಡದೆ ಇಷ್ಟುದ್ದದ ಹಾಡುಗಳನ್ನು ತಲೆಯಲ್ಲಿ ಹೇಗೆ ಇಟ್ಟುಕೊಳ್ಳುತ್ತಾರೆ ಎಂಬುದು ಅವಳ ವಿಷಯ. ರಜೆಗೆ ಬರುವಾಗ ಮೆದುಳನ್ನು ಪರೀಕ್ಷಿಸುವ ಯಂತ್ರವನ್ನೂ ತಂದಿದ್ದಾಳೆಂದು ತಿಳಿದದ್ದೇ ವೀಣಾ ಹೇಳಿಕಳಿಸಿದಳು. ಬಂದವಳನ್ನು ಬಾವಿಯ ಹಿಂದಕ್ಕೆ ಕರೆದೊಯ್ದು ಮೆಲ್ಲಗೆ ಕೇಳಿದಳು: "ಕಾಯಿಲೆ ಇದ್ದರೆ ಇದರಲ್ಲಿ ಗೊತ್ತಾಗ್ತದಲ್ಲ?"

"ಇಲ್ಲಕ್ಕಾ. ಇದು ಕಾಯಿಲೆ ಹೇಳುವ ಮಿಷನ್ ಅಲ್ಲ. ಮೆದುಳಿನ ಜೀವಕೋಶಗಳಲ್ಲಿ ಚೂರು ಕರೆಂಟು ಹುಟ್ತದೆ, ಅದರ ಅಲೆ ಬರ್ಕೊಳ್ತದೆ ಅಷ್ಟೆ."

ವೀಣಾ ತಲೆಯಾಡಿಸಿದಳು. ನಂಬಲಿಲ್ಲ. ಅಷ್ಟೊಂದು ವೈರು ಇದ್ದ ಮೇಲೆ ಏನಾದರೂ ಹೇಳಿಯೇ ಹೇಳುತ್ತದೆ.

ಚಾವಡಿಯಲ್ಲಿ ಗಂಗಿಯನ್ನು ಕೂರಿಸಿ ಪ್ರಣಿತಾ ಟೊಪ್ಪಿ ತೆಗೆದಳು. ಬಟ್ಟೆಯ ಟೊಪ್ಪಿ, ಮೈತುಂಬ ಗುಂಡಿಗಳು, ಗುಂಡಿಗೊಂದೊಂದು ಬಣ್ಣದ ದಾರದಂಥ ವೈರು. ಗಂಗಿ ಅದನ್ನು ಮಗುಚಿ ನೋಡಿದಳು.

"ಹೂ ತೆಗೀಬೇಕಾಗ್ತದೆ ಅಜ್ಜಿ."

"ಅಬ್ಬಲಿ ದಂಡೆ ತೆಗೆದು ಹಾಡುದು ನಾ ಕಂಡದ್ದಿಲ್ಲ. ಹೂವು ಅಲ್ಲೇ ಇರಲಿ. ನಿನ್ನ ಟೊಪ್ಪಿಯೇ ಬೇಕಾದರೆ ಸರ್ಕೊಳ್ಲಿ."

ಟೊಪ್ಪಿಯೇ ಸರಿದುಕೊಂಡಿತು. ಗುಂಡಿಗಳೊಳಗೆ ಅಂಟು ದ್ರಾವಣ ತುಂಬುವಾಗ ಗಂಗಿ ಮೂಗು ಹತ್ತಿರ ತಂದಳು. "ಪರಿಮಳವೇ ಇಲ್ಲದ ಎಣ್ಣೆ. ಕುಮಟೆಯಲ್ಲಿ ಇದನ್ನೂ ಮಾರ್ತಾರಾ?"

ಅಷ್ಟರಲ್ಲಿ ಪಕ್ಕದ ಮನೆಯ ಮಾಬ್ಲ ಬೇಲಿಯ ಮೇಲಿಂದ ಇಣುಕಿದ. "ಗಂಗಕ್ಕ, ತಲೆಗೆ ಕರೆಂಟು ಕೊಡ್ತಾರಂತೆ, ಹೌದಾ?"

"ಮನೆಗೇ ಸಮ ಕರೆಂಟು ಇಲ್ಲ ಮಾರಾಯ, ತಲೆಗೆ ಎಲ್ಲಿಂದ ತರುದು? ಉಲ್ಟಾ ನನ್ನ ತಲೆಯಿಂದ ತೆಗೀತಾರಂತೆ. ಹೆಚ್ಚಾದರೆ ನಿನ್ನ ಮನೆಗೂ ಒಂದು ಬಲ್ಬಿಗೆ ಎಳ್ಕೊ."

ಪ್ರಣಿತಾ ನಗು ತಡೆದುಕೊಂಡು ವಿವರಿಸಿದಳು. ಬಾಯಿ ಆಡಿಸಿದರೆ ದವಡೆಯ ಅಲೆಗಳೇ ಬಂದು ಮೆದುಳಿನವು ಮುಚ್ಚಿಹೋಗುತ್ತವೆ, ಅದಕ್ಕೆ ಹಾಡನ್ನು ಮನಸ್ಸಿನಲ್ಲೇ ಹಾಡಬೇಕು. ಒಂದೊಂದು ಸೊಲ್ಲು ಮುಗಿದಾಗಲೂ ಕೈಗೆ ಕೊಟ್ಟ ಸಣ್ಣ ಡಬ್ಬಿಯ ಗುಂಡಿ ಒತ್ತಬೇಕು.

"ಮನಸ್ಸಲ್ಲಿ ಹಾಡುದಾ? ಹಾಗಾದರೆ ಮದುವೆ ಊಟವನ್ನೂ ಮನಸ್ಸಲ್ಲೇ ಹಾಕ್ತಾರೋ ಏನೋ" ಎಂದು ಗೊಣಗಿ ಗಂಗಿ ಕಣ್ಣು ಮುಚ್ಚಿದಳು.

ಟಕ್. ಒಂದು ಸಲ ಗುಂಡಿ ಸದ್ದಾಯಿತು. ಆಮೇಲೆ ಏನೂ ಇಲ್ಲ.

ಲ್ಯಾಪ್‌ಟಾಪಿನ ಮೇಲೆ ಗೆರೆಗಳು ಹರಿಯುತ್ತಲೇ ಇದ್ದವು. ಗಂಗಿ ಸುಮ್ಮನೆ ಕೂತಿದ್ದಳು. ಟಕ್ ಇಲ್ಲ. ವೀಣಾಳಿಗೆ ಗೊತ್ತಾಗಿಹೋಯಿತು. ಅದೇ ತಡೆ, ಹರಿವೆ ಸಾಲಿನಲ್ಲಿ ಆದದ್ದೇ. ಮನಸ್ಸಿನಲ್ಲೂ ಒಂದೇ ಸೊಲ್ಲು ಉಳಿದಿದೆ. ಪ್ರಣಿತಾ ಕೂಡ ಹುಬ್ಬು ಗಂಟಿಕ್ಕಿ ವೈರುಗಳನ್ನು ಮುಟ್ಟಿ ನೋಡಿದಳು.

ತಡೆಯಲಾರದೆ ವೀಣಾ ಹತ್ತಿರ ಬಂದು ಮೆತ್ತಗೆ ಹೇಳಿದಳು: "ಅತ್ತೆ, ಮರೆತರೆ ಪರವಾಗಿಲ್ಲ. ಯಾರಿಗೂ ಆಗ್ತದೆ."

ಗಂಗಿ ಕಣ್ಣು ಬಿಟ್ಟಳು. "ಎಂತ ಮರೆಯುದು?"

"ಮುಂದಿನ ಸೊಲ್ಲು."

"ಮುಂದಿನದು ಈಗ ಹೇಗೆ ಹೇಳ್ತಾರೆ? ನಾ ಹೇಳಿಯಾಯ್ತು. ಇನ್ನು ಬಂಗಾರಿ ತಿರುಗಿ ಹೇಳಬೇಕಲ್ಲ?"

ಬಂಗಾರಿ ಗಂಗಿಯ ಜೊತೆಗಾತಿ. ಅವರಲ್ಲಿ ಹಾಡು ಯಾವತ್ತೂ ಇಬ್ಬರದು: ಒಬ್ಬಳು ಸೊಲ್ಲು ಹೇಳುತ್ತಾಳೆ, ಇನ್ನೊಬ್ಬಳು ಅದನ್ನೇ ತಿರುಗಿ ಹೇಳುತ್ತಾಳೆ, ಅಷ್ಟರೊಳಗೆ ಮೊದಲಿನವಳು ಉಸಿರು ತೆಗೆದು ಮುಂದಿನದನ್ನು ಹಿಡಿದುಕೊಳ್ಳುತ್ತಾಳೆ. ಹಳೆಯ ಮದುವೆಗಳಲ್ಲೆಲ್ಲ ಗಂಗಿಗೆ ಬಂಗಾರಿ, ಬಂಗಾರಿಗೆ ಗಂಗಿ. ಆ ಬಂಗಾರಿ ಹೋದ ಮಳೆಗಾಲದಲ್ಲಿ ತೀರಿಕೊಂಡಿದ್ದಳು. ಉಪ್ಪಿನ ಲೆಕ್ಕ ಹಿಡಿದವಳು, ಕತ್ತಿಯನ್ನು ಹುಡುಕಿ ಕೊಟ್ಟವಳು ವೀಣಾ. ಅತ್ತೆಯ ಹಾಡು ನಿಲ್ಲತೊಡಗಿದ್ದು ಆ ಮಳೆಗಾಲದ ಮೇಲೆ ಎಂಬುದನ್ನು ಮಾತ್ರ ಅವಳು ನೋಡಿರಲಿಲ್ಲ.

"ಮನಸ್ಸಿನಲ್ಲಾದರೂ ಬಂಗಾರಜ್ಜಿ ಹಾಡುದಿಲ್ವಾ?" ಪ್ರಣಿತಾ ಹಗುರವಾಗಿ ಕೇಳಿದಳು.

"ಮನಸ್ಸಲ್ಲಿ ಬರ್ತಾಳೆ. ಬಂದವಳು ಮೊದಲು ಜಗಳ ತೆಗೀತಾಳೆ, ನೀ ಮೇಲೆ ಎತ್ತಿದೆ, ನಂಗೆ ಸಿಕ್ಕುದಿಲ್ಲ ಹೇಳಿ. ಹಾಡುದು ಎಲ್ಲಿ ಬಂತು!" ಎಂದು ಗಂಗಿ ನಕ್ಕಳು. ನಕ್ಕು ಟೊಪ್ಪಿಯ ಕೆಳಗಿನ ಹೂವನ್ನು ಸುಮ್ಮನೆ ಮುಟ್ಟಿಕೊಂಡಳು.

ಪ್ರಣಿತಾ ಸ್ವಲ್ಪ ಯೋಚಿಸಿದಳು. "ಹಾಗಾದರೆ ಯಾರಾದರೂ ತಿರುಗಿ ಹೇಳಿದರೆ ಆತು. ಅಕ್ಕಾ, ನೀವು?"

"ನನಗೆ ಹಾಡು ಬರುದಿಲ್ಲ. ಅದೂ ಅತ್ತೆ ಮನಸ್ಸಲ್ಲಿ ಹೇಳಿದ್ದು ನನಗೆ ಕೇಳ್ತದಾ?"

"ಸುಮ್ಮನೆ ನೋಡುವ."

ಗಂಗಿ ಕಣ್ಣು ಮುಚ್ಚಿದಳು. ಟಕ್. ಹರಿವೆ ಸಾಲಿನಲ್ಲಿ ದಿನಾ ಕೇಳಿದ ಅದೇ ಸೊಲ್ಲು ವೀಣಾಳ ಬಾಯಿಗೆ ಬಂತು:

"ಅಂಗಳದ ತುದಿಯಲ್ಲಿ ಅಬ್ಬಲಿ ಅರಳೀತೇ..."

ಮುಗಿಯುವ ಮೊದಲೇ ಗಂಗಿಯ ಬೆರಳು ಗುಂಡಿಯ ಮೇಲೆ ಕಾಯುತ್ತಿತ್ತು. ಕೊಂಚ ಮೌನ, ಮತ್ತೆ ಟಕ್.

"ಅರಳಿದ ಹೂ ಕೊಯ್ವ ಕೈಬಳೆ ಯಾರದೇ..."

ಟಕ್. ಇನ್ನೊಂದು. ಟಕ್. ಮತ್ತೊಂದು. ತನಗೇ ಗೊತ್ತಿಲ್ಲದೆ ಸೊಲ್ಲುಗಳೆಲ್ಲ ವೀಣಾಳೊಳಗೆ ಇದ್ದವು. ಮದುವೆ ಮದುವೆಗೂ ಹೋಗಿ, ಅತ್ತೆಯ ಬಾಯಲ್ಲೊಮ್ಮೆ, ಬಂಗಾರಿಯ ಬಾಯಲ್ಲೊಮ್ಮೆ ಎಂದು ಎರಡೆರಡು ಸಲ ಕೇಳಿದ್ದೇ ಅವಳಿಗೆ ಪಾಠವಾಗಿತ್ತು. ಬೇಲಿಯ ಆಚೆ ಮಾಬ್ಲ ಬೀಡಿ ಹಚ್ಚುವುದನ್ನೂ ಬಿಟ್ಟು ನಿಂತಿದ್ದ.

ಪ್ರಣಿತಾ ಪರದೆಗೆ ಮುಖ ಹತ್ತಿರ ಹಿಡಿದಿದ್ದಳು. "ನೀವು ಹಾಡ್ತಿರುವಾಗಲೇ ಅಜ್ಜಿಯ ತಲೆ ಮುಂದಿನದಕ್ಕೆ ಎದ್ದು ಕೂರ್ತದೋ ಏನೋ. ಈಗಲೇ ಹೇಳಲಿಕ್ಕೆ ಆಗುದಿಲ್ಲ. ಇಂಥವು ತುಂಬಾ ಕೂಡಿಸಿ ನೋಡಬೇಕು" ಎಂದಳು. ಆದರೆ ಅವಳ ಕಣ್ಣು ಹೊಳೆಯುತ್ತಿತ್ತು.

"ಮರೆವು?" ವೀಣಾಳ ಬಾಯಿಂದ ಬಂದೇಬಿಟ್ಟಿತು.

"ಅದನ್ನು ಮಿಷನ್ ಹೇಳುದಿಲ್ಲ ಅಕ್ಕಾ. ಹೆದರಿಕೆ ಇದ್ದರೆ ಡಾಕ್ಟರಿಗೆ ತೋರಿಸಿ. ನೀವೇ ಈಗ ಕೇಳಿದ್ರಲ್ಲ, ಅಜ್ಜಿ ಎಲ್ಲಿ ನಿಂತರು?"

ನಿಂತಿರಲಿಲ್ಲ. ವೀಣಾಳ ಉಸಿರು ಎಷ್ಟೋ ದಿನದ ಮೇಲೆ ಪೂರ್ತಿ ಹೊರಗೆ ಬಂತು. ಹೊನ್ನಮ್ಮನಿಗೆ ಏನೂ ಹೇಳಬೇಡಿ ಎಂದು ರಾತ್ರಿ ಗಂಡನಿಗೆ ತಿಳಿಸಬೇಕು ಎಂದುಕೊಂಡಳು.

"ಯಾರಿಗೆ ಮರೆವು?" ಗಂಗಿಯ ಕಿವಿಗೆ ಮಾತ್ರ ಯಾವ ಮರೆವೂ ಇರಲಿಲ್ಲ. "ಓಹೋ, ದಿನಾ ವಾರ ಕೇಳುದು ಇದಕ್ಕಾ! ಆತು. ಹೆಬಳೆಯಲ್ಲಿ ನಾ ಎತ್ತುದು, ನೀ ತಿರುಗಿ ಹೇಳುದು."

"ಅಯ್ಯೋ, ಅಷ್ಟು ಜನರ ಎದುರು ನಾನಾ? ನಡುವೆ ಬಿಟ್ಟುಹೋದರೆ? ಎಲ್ಲರೂ ನಗ್ತಾರೆ ಅತ್ತೆ!"

ಗಂಗಿ ಕಣ್ಣು ಮುಚ್ಚಿ ಮತ್ತೆ ಟಕ್ ಮಾಡಿದಳು. ಗಾಬರಿಯಲ್ಲಿ ವೀಣಾಳಿಗೆ ಯಾವ ಸೊಲ್ಲು ಎಂದೇ ಹೊಳೆಯಲಿಲ್ಲ. ಅವಳು ಬಾಯಿ ತೆರೆದು ಹಾಗೇ ನಿಂತಳು.

ಗಂಗಿ ಒಂದು ಕಣ್ಣು ತೆರೆದಳು. ಟೊಪ್ಪಿಯನ್ನು ತಲೆಯಿಂದ ಬಿಚ್ಚಿ, ವೈರುಗಳ ಸಮೇತ ಸೊಸೆಯ ಕಡೆಗೆ ಚಾಚಿದಳು.

"ಬಾ, ಇಲ್ಲಿ ಕೂತ್ಕೊ. ಇವತ್ತು ಯಾವ ವಾರ ಹೇಳು, ನೋಡುವ."